‘ಸುಮ್ ಕುಂದ್ರು’ ಅಂದ್ರ ಅಂಜಿಕಿ ಹೋಗೂದಿಲ್ಲ

2025ರ ಮೇ ಮೊದಲ ವಾರ ಕೇಂದ್ರ ಗೃಹ ಸಚಿವಾಲಯ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆಂದು ಊರುಗಳ ಪಟ್ಟಿ ಹೊರಡಿಸಿದಾಗ, ಅದರಲ್ಲಿದ್ದ ಕರ್ನಾಟಕದ ಬೆರಳೆಣಿಕೆಯ ಹೆಸರುಗಳಲ್ಲಿ ರಾಯಚೂರೂ ಒಂದು. ಬೆಂಗಳೂರು ಇದ್ದದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಬಿಸಿಲು, ಬರ, ಗುಳೆಯ ಲೆಕ್ಕದಲ್ಲಷ್ಟೇ ದೆಹಲಿಯ ಕಡತಕ್ಕೆ ಹೋಗುವ ನಮ್ಮೂರು ಅಲ್ಲಿಗೆ ಹೇಗೆ ಸೇರಿತು? ಕಾರಣ ಶಕ್ತಿನಗರ. 1985ರಿಂದ ಕರೆಂಟು ಕೊಡುತ್ತಿರುವ ಅಲ್ಲಿನ ವಿದ್ಯುತ್ ಕೇಂದ್ರ ಆರ್‌ಟಿಪಿಎಸ್‌ಗೆ ಎಂಟು ಘಟಕ, 1720 ಮೆಗಾವಾಟ್. ಅದರ ಪಕ್ಕಕ್ಕೆ ಯರಮರಸ್‌ನ 800 ಮೆಗಾವಾಟಿನ ಎರಡು ಘಟಕ ಬೇರೆ. ಯುದ್ಧದ ಮಾತು ಬಂದಾಗ ಇಂಥ ಜಾಗಗಳ ಹೆಸರು ಬರುವುದು ಸಹಜವೇ. ತೀನ್ ಕಂದೀಲಿನ ಚಹಾ ಅಂಗಡಿಗಳಲ್ಲಿ ‘ನಮ್ಮೂರೂ ಟಾರ್ಗೆಟ್ ಆತು ನೋಡ್ರಿ’ ಎಂದು ಅರ್ಧ ತಮಾಷೆ, ಅರ್ಧ ಹೆಮ್ಮೆಯಲ್ಲಿ ಆಡಿಕೊಳ್ಳುವುದು ದೊಡ್ಡವರಿಗೆ ಸಲೀಸು. ಮನೆಯಲ್ಲಿ ಅದೇ ಮಾತನ್ನು ಕೇಳಿಸಿಕೊಂಡ ಹದಿನೈದು ಹದಿನಾರರ ಹುಡುಗಿಗೆ ಅದರೊಳಗಿನ ತಮಾಷೆ ದಾಟುತ್ತದೆಯೇ ಎಂದು ಎಷ್ಟು ಜನ ಯೋಚಿಸಿದರೋ.

ಆ ಪಟ್ಟಿಗೆ ಎರಡು ವಾರ ಮೊದಲು, ಏಪ್ರಿಲ್ 22ರ ಮಧ್ಯಾಹ್ನ, ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಗುಂಡಿಕ್ಕಿ ಕೊಂದಿದ್ದರು. ಹಿಂದಿನ ಬಾಂಬು, ಗುಂಡುಗಳ ಸುದ್ದಿ ನಮಗೆ ಹೆಚ್ಚಾಗಿ ಹಿಂದಿ, ಇಂಗ್ಲಿಷ್ ದಾಟಿಕೊಂಡು ಬರುತ್ತಿತ್ತು. ಈ ಸಲ ಸತ್ತವರಲ್ಲಿ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ದನಿ ಕೆಲವೇ ಗಂಟೆಗಳಲ್ಲಿ ಕನ್ನಡದಲ್ಲೇ ಕೇಳಿಸಿತು. ಅಲ್ಲಿದ್ದ ಕನ್ನಡಿಗ ಪ್ರವಾಸಿಗರನ್ನು ಕರೆತರಲು ರಾಜ್ಯ ಸರ್ಕಾರ ಸಚಿವ ಸಂತೋಷ್ ಲಾಡ್ ಅವರನ್ನು ಕಳಿಸಿತು. ಸಾವಿರಕ್ಕೂ ಹೆಚ್ಚು ಮೈಲಿ ಆಚೆಯ ಗುಡ್ಡ ಒಮ್ಮೆಗೇ ಪಕ್ಕದ ಓಣಿಯಾಯಿತು.

ಆ ದಿನಗಳನ್ನು ಹತ್ತನೆಯ ತರಗತಿಯ, ಪಿಯುಸಿಯ ಮಕ್ಕಳ ಕಡೆಯಿಂದ ಒಮ್ಮೆ ನೋಡಬೇಕು. ಬೇಸಿಗೆ ರಜೆ. ಶಾಲೆ ಕಾಲೇಜಿಗೆ ಬೀಗ. ಮೇ 2ಕ್ಕೆ ಎಸ್‌ಎಸ್‌ಎಲ್‌ಸಿ ಫಲಿತಾಂಶ, 4ಕ್ಕೆ ನೀಟ್ ಪರೀಕ್ಷೆ. 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ, ಅದೇ ದಿನ ದೇಶದ ತುಂಬ ಸೈರನ್ನಿನ ಮಾತು, 10ರ ಸಂಜೆ ಕದನ ವಿರಾಮ. ಹೊರಗೆ ನಲವತ್ತು ದಾಟಿದ ಬಿಸಿಲಿಗೆ ಬೆಳಗ್ಗೆ ಹನ್ನೊಂದಕ್ಕೇ ಓಣಿ ಖಾಲಿ. ಒಳಗೆ ಫ್ಯಾನು, ಮಂಚ, ಫೋನು. ಬೈಸರನ್‌ನ ವಿಡಿಯೊ ತುಣುಕುಗಳು ರಾಯಚೂರಿನ ಮಕ್ಕಳನ್ನು ಮುಟ್ಟಿದ್ದು ಹೀಗೆ: ಒಬ್ಬೊಬ್ಬರೇ ಇದ್ದಾಗ, ಅಂಗೈ ಅಗಲದ ಪರದೆಯಲ್ಲಿ, ಮತ್ತೆ ಮತ್ತೆ. ಮೇ ಕೊನೆಗೆ ಶಾಲೆ ತೆರೆಯುವ ಹೊತ್ತಿಗೆ ವಿಷಯ ಹಳೆಯದಾಗಿತ್ತು. ಪಠ್ಯಪುಸ್ತಕ, ದಾಖಲಾತಿ, ಸಮವಸ್ತ್ರದ ಗಡಿಬಿಡಿಯಲ್ಲಿ ಆ ಮಾತು ಎತ್ತಲು ಯಾರಿಗೂ ಪುರಸೊತ್ತಿರಲಿಲ್ಲ.

ಭಯೋತ್ಪಾದಕ ದಾಳಿಯ ಮಾತೆತ್ತಿದರೆ ನಮ್ಮ ಮನಸ್ಸಿಗೆ ಬರುವವರು ಅಲ್ಲಿ ಸತ್ತವರು, ಗಾಯಗೊಂಡವರು, ಅವರ ಮನೆಯವರು. ಮೊದಲ ಸಾಲು ಅವರದೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅವರ ಹಿಂದೆ ಇನ್ನೊಂದು ಬಹು ಉದ್ದದ ಸಾಲಿದೆ: ದೂರದಿಂದ ನೋಡಿ ಒಳಗೇ ಕದಡಿಹೋದ ಎಳೆಯರದು. ಇದು ಊಹೆಯ ಮಾತಲ್ಲ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 1995ರ ಏಪ್ರಿಲ್ 19ರಂದು ಸರ್ಕಾರಿ ಕಟ್ಟಡವನ್ನು ಸ್ಫೋಟಿಸಿ 168 ಜನರನ್ನು ಕೊಂದರು. ಎರಡು ವರ್ಷದ ಮೇಲೆ ಮನೋವೈದ್ಯೆ ಬೆಟ್ಟಿ ಫೆಫರ್‌ಬಾಮ್ ಮತ್ತು ಸಂಗಡಿಗರು, ಅಲ್ಲಿಂದ ನೂರು ಮೈಲಿ ಆಚೆಯ ಊರೊಂದರ ಆರನೇ ತರಗತಿಯ ಮಕ್ಕಳನ್ನು ವಿಚಾರಿಸಿದರು. ಸ್ಫೋಟವನ್ನು ಕಾಣದ, ಅದರ ಸದ್ದನ್ನೂ ಕೇಳದ ಮಕ್ಕಳು ಅವರು. ಆದರೂ ಕೆಲವರಲ್ಲಿ ಆಘಾತದ ಲಕ್ಷಣಗಳು ಉಳಿದಿದ್ದವು. ಮಾಧ್ಯಮದಲ್ಲಿ ಅದನ್ನು ಹೆಚ್ಚು ನೋಡಿದವರಲ್ಲಿ, ಸತ್ತವರನ್ನೋ ಗಾಯಗೊಂಡವರನ್ನೋ ಬಲ್ಲವರ ಪರಿಚಯ ಇದ್ದವರಲ್ಲಿ ಲಕ್ಷಣ ಹೆಚ್ಚು. ನೂರು ಮೈಲಿ ಎಂದರೆ ನಮಗೂ ಹೈದರಾಬಾದಿಗೂ ಇರುವುದಕ್ಕಿಂತ ಕಡಿಮೆ ದೂರ.

2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ನಡೆದ ಇನ್ನೊಂದು ಅಧ್ಯಯನ ಇದಕ್ಕಿಂತ ಚಕಿತಗೊಳಿಸುವಂಥದ್ದು. ಅದು ದೊಡ್ಡವರನ್ನು ಕುರಿತದ್ದು. ದಾಳಿಯ ಮರುವಾರ ದಿನಕ್ಕೆ ಆರು ಗಂಟೆಗೂ ಮೀರಿ ಅದರ ಸುದ್ದಿ, ದೃಶ್ಯಗಳಲ್ಲಿ ಮುಳುಗಿದ್ದವರು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಿನ ಒತ್ತಡದ ಲಕ್ಷಣ ಹೇಳಿಕೊಂಡರು. ಕಣ್ಣಾರೆ ಕಂಡವನಿಗೆ ಘಟನೆಗೊಂದು ಕೊನೆ ಇರುತ್ತದೆ, ಓಡಿಬಂದೆ, ಮನೆ ಮುಟ್ಟಿದೆ ಎಂಬ ಕೊನೆ. ಫೋನಿನಲ್ಲಿ ನೋಡುವವನಿಗೆ ಅದು ಮುಗಿಯುವುದೇ ಇಲ್ಲ. ಬೆರಳು ಸರಿಸಿದಷ್ಟೂ ಅದೇ ಗುಂಡು, ಅದೇ ಕಿರುಚಾಟ. ಈ ವಿವರಣೆ ನನ್ನದು. ಅಂಕಿಯ ಮಾತು ಮಾತ್ರ ಸಂಶೋಧಕರದು.

ನಮ್ಮ ಮನೆಗಳಲ್ಲಿ ನಡೆಯುವುದು ಸರಿಯಾಗಿ ಉಲ್ಟಾ. ವಿಡಿಯೊ ನೋಡುವುದನ್ನು ಯಾರೂ ತಡೆಯುವುದಿಲ್ಲ. ಅಪ್ಪನ ವಾಟ್ಸ್ಆ್ಯಪ್ ಗುಂಪಿಗೇ ಅದು ಮೊದಲು ಬಂದಿರುತ್ತದೆ, ಮಾವ ಅದನ್ನು ಊಟದ ಹೊತ್ತಿಗೆ ಜೋರಾಗಿ ಹಚ್ಚಿರುತ್ತಾನೆ. ಆದರೆ ಹುಡುಗ ‘ಅವ್ರು ಇಲ್ಲಿಗೂ ಬರ್ತಾರೇನಪ್ಪ?’ ಎಂದರೆ, ‘ನಿನಗ್ಯಾಕ ಬೇಕು ಅದೆಲ್ಲ, ಸುಮ್ ಕುಂದ್ರು, ನೀಟ್‌ಗೆ ಓದ್ಕೊ.’ ಅಂದರೆ ದೃಶ್ಯಕ್ಕೆ ಬಾಗಿಲು ತೆರೆದಿಟ್ಟು ಮಾತಿಗೆ ಅಗಳಿ ಹಾಕುತ್ತೇವೆ. ಆಗಬೇಕಾದದ್ದು ಇದರ ತಿರುಗುಮುರುಗು. ಈ ಅಂಕಣದಲ್ಲಿ ನಾನು ಹೇಳಲು ಹೊರಟದ್ದು ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ಟಿವಿಯವರ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಆ ಮೇ ತಿಂಗಳಲ್ಲಿ ಸ್ಟುಡಿಯೊಗಳ ಹಿನ್ನೆಲೆಯಲ್ಲಿ ವಾಯುದಾಳಿಯ ಸೈರನ್ ಎಷ್ಟು ಮೊಳಗಿತೆಂದರೆ, ಅದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ ಎಂದು ನಾಗರಿಕ ರಕ್ಷಣೆಯ ಅಧಿಕಾರಿಗಳೇ ಹೇಳಬೇಕಾಯಿತು. ನಿಜವಾದ ಸೈರನ್ ಬಂದಾಗ ಜನ ಟಿವಿ ಎಂದುಕೊಂಡಾರು ಎಂಬುದು ಅವರ ಆತಂಕ. ಶಕ್ತಿನಗರದ ಕಾಲೊನಿಯಲ್ಲಿ ಬೆಳೆಯುವ ಮಗುವಿನದು ಇದರ ಇನ್ನೊಂದು ಮುಖ. ಕಾರ್ಖಾನೆಯ ಸೈರನ್ ಅದರ ದಿನಚರಿಯ ಸದ್ದು. ಆ ಸದ್ದಿಗೇ ಹೊಸ ಅರ್ಥ ಬಂದುಬಿಟ್ಟರೆ ಅದು ಯಾರನ್ನು ಕೇಳಬೇಕು?

ಎಳೆಯರಲ್ಲಿ ಭಯ ಭಯದ ರೂಪದಲ್ಲೇ ಕಾಣುವುದು ಅಪರೂಪ. ಎಂಟು ಹತ್ತರ ಮಗು ಹೊಟ್ಟೆನೋವು ಎನ್ನುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ, ಕಕ್ಕಸಿಗೂ ಜತೆ ಬೇಕೆನ್ನುತ್ತದೆ. ಅದನ್ನು ಅವ್ವ ಗುರುತಿಸುತ್ತಾಳೆ. ‘ಅಂಜ್ಯಾದ’ ಎಂದು ದೃಷ್ಟಿ ತೆಗೆಯುತ್ತಾಳೆ, ದರ್ಗಾಕ್ಕೋ ಹನುಮಪ್ಪನ ಗುಡಿಗೋ ಕರೆದೊಯ್ದು ತಾಯತ ಕಟ್ಟಿಸುತ್ತಾಳೆ. ಇದನ್ನು ನಗೆಯಾಡುವವರ ಪೈಕಿ ನಾನಲ್ಲ. ತಾಯತದ ದಾರ ಏನು ಮಾಡುತ್ತದೋ, ‘ನಿನ್ನ ಅಂಜಿಕಿ ನನಗ ಕಾಣಸ್ತದ’ ಎಂದು ಒಬ್ಬರು ಒಪ್ಪಿಕೊಂಡದ್ದಂತೂ ಕೆಲಸ ಮಾಡುತ್ತದೆ.

ಕಷ್ಟ ಇರುವುದು ಹದಿಮೂರರಿಂದ ಇಪ್ಪತ್ತರವರೆಗಿನವರಲ್ಲಿ. ಅವರ ಭಯ ಸಿಟ್ಟಿನ ವೇಷ ಹಾಕಿಕೊಳ್ಳುತ್ತದೆ. ‘ಎಲ್ಲಾರ್ನೂ ಉಡಾಯಿಸಿಬಿಡ್ಬೇಕು’ ಎಂಬ ಸ್ಟೇಟಸ್, ರಾತ್ರಿ ಎರಡರ ತನಕ ಎಚ್ಚರ, ತಂಗಿಯ ಮೇಲೆ ರೇಗಾಟ, ಬೈಕಿನ ಹುಚ್ಚು ವೇಗ, ಕೆಲವರಲ್ಲಿ ವಿಚಿತ್ರವಾದ ಜೋಕುಗಳು. ಇನ್ನು ಕೆಲವರು ಕಲ್ಲಿನಂತೆ ಕೂತುಬಿಡುತ್ತಾರೆ, ‘ನನಗೇನೂ ಅನಸ್ಲಿಲ್ಲ’ ಎನ್ನುತ್ತಾರೆ. ಅನ್ನಿಸದಿರುವುದೂ ಒಂದು ಲಕ್ಷಣವೇ. ದಾಳಿಯ ಬೆನ್ನಿಗೆ ಒಂದೆರಡು ವಾರ ನಿದ್ದೆ ಕೆಡುವುದು, ಪಟಾಕಿಗೆ ಬೆಚ್ಚುವುದು, ಅದೇ ದೃಶ್ಯ ಕಣ್ಣಮುಂದೆ ಬರುವುದು ಕಾಯಿಲೆಯಲ್ಲ. ಆಗಬಾರದ್ದನ್ನು ಕಂಡ ಮನಸ್ಸು ಹಾಗೆಯೇ ನಡೆದುಕೊಳ್ಳುತ್ತದೆ. ಬಹುಪಾಲು ಮಕ್ಕಳು ಮನೆಯವರ, ಗೆಳೆಯರ ನಡುವೆ ತಾವಾಗಿಯೇ ಹಾದಿಗೆ ಬರುತ್ತಾರೆ. ಟಿವಿ ನೋಡಿ ಹೆದರಿದವನಿಗೆಲ್ಲ ‘ಪಿಟಿಎಸ್‌ಡಿ’ (ಆಘಾತೋತ್ತರ ಒತ್ತಡದ ಕಾಯಿಲೆ) ಎಂಬ ಹಣೆಪಟ್ಟಿ ಹಚ್ಚುವುದು ಈಗಿನ ಫ್ಯಾಷನ್. ಅದರಿಂದ ಮಗುವಿಗೆ ಇನ್ನೊಂದು ಅಂಜಿಕೆ ಸೇರುತ್ತದೆ, ಅಷ್ಟೇ.

ಹಾಗಾದರೆ ಮಾತು ಹೇಗೆ ಶುರುವಾಗಬೇಕು? ಕೂಡ್ರಿಸಿಕೊಂಡು ಮುಖಕ್ಕೆ ಮುಖ ಕೊಟ್ಟು ‘ನಿನ್ನ ಭಾವನೆ ಹೇಳು’ ಎಂದರೆ ನಮ್ಮ ಕಡೆಯ ಯಾವ ಹುಡುಗನೂ ಬಾಯಿ ಬಿಡಲಾರ. ಹೊಲಕ್ಕೆ ಹೋಗುವಾಗ ಬೈಕಿನ ಹಿಂದೆ ಕೂತವನ ಜತೆ, ರೊಟ್ಟಿ ಬಡಿಯುವಾಗ ಒಲೆ ಪಕ್ಕ ನಿಂತವಳ ಜತೆ, ಕರೆಂಟು ಹೋದಾಗ ಮಾಳಿಗೆಯ ಮೇಲೆ, ಅಂದರೆ ಕೈಗೊಂದು ಕೆಲಸ ಇದ್ದು ಕಣ್ಣು ಬೇರೆ ಕಡೆ ಇದ್ದಾಗ ಮಾತು ಬರುತ್ತದೆ. ಕೇಳುವ ಪ್ರಶ್ನೆಯೂ ಸಣ್ಣದಿರಲಿ: ‘ಕಾಶ್ಮೀರದ್ದು ನೀನೂ ನೋಡಿದೇನು? ಏನೇನ್ ನೋಡಿದಿ?’ ಅವನು ಏನು ನೋಡಿದ್ದಾನೆ, ಯಾವುದನ್ನು ನಿಜವೆಂದು ನಂಬಿದ್ದಾನೆ ಎಂಬುದು ಗೊತ್ತಾಗದೆ ನಾವು ಕೊಡುವ ಧೈರ್ಯ ಗಾಳಿಗೆ ಗುದ್ದಿದಂತೆ. ಆಮೇಲೆ ಒಂದು ಮಾತು ಸಾಕು: ‘ನನಗೂ ಅವತ್ತು ನಿದ್ದಿ ಬರ್ಲಿಲ್ಲ.’ ದೊಡ್ಡವರಿಗೂ ಹಾಗಾಗುತ್ತದೆ, ಆದರೂ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ ಎಂಬುದನ್ನು ಮಗು ಅದರಿಂದ ತಾನೇ ತೆಗೆದುಕೊಳ್ಳುತ್ತದೆ. ಹೇಳಿಕೊಳ್ಳದಿದ್ದರೆ ಕೆದಕಬಾರದು. ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಬಾಯಿ ಬಿಡಿಸುವ ಪದ್ಧತಿಯೊಂದು ಹಿಂದೆ ಜನಪ್ರಿಯವಾಗಿತ್ತು. ಅದರಿಂದ ಲಾಭವಿಲ್ಲ, ಕೆಲವರಿಗೆ ಕೆಡುಕೂ ಆದೀತು ಎಂದು ಗೊತ್ತಾಗಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡವೆನ್ನುತ್ತದೆ. ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರ ನೋಡು, ಕೇಳಿಸಿಕೊ, ಬೇಕಾದವರ ಜತೆ ಜೋಡಿಸು ಎಂಬಷ್ಟೇ. ಅದಕ್ಕೆ ಡಾಕ್ಟರೇ ಬೇಕೆಂದಿಲ್ಲ. ಪಿಟಿ ಮಾಸ್ತರ, ಹಾಸ್ಟೆಲ್ ವಾರ್ಡನ್, ಆಶಾ ಕಾರ್ಯಕರ್ತೆ, ಸೋದರಮಾವ, ಯಾರಾದರೂ ನಡೆದೀತು.

‘ಇಲ್ಲಿಗೂ ಬರ್ತಾರಾ’ ಎಂಬ ಪ್ರಶ್ನೆಗೆ ‘ಛೇ, ಇಲ್ಲೇನೂ ಆಗೂದಿಲ್ಲ’ ಎಂಬ ಉತ್ತರ ಸುಲಭ. ಆದರೆ ಹದಿಹರೆಯದವರು ಸುಳ್ಳು ಹಿಡಿಯುವುದರಲ್ಲಿ ಪೊಲೀಸರಿಗಿಂತ ಚುರುಕು. ಪಟ್ಟಿಯಲ್ಲಿ ರಾಯಚೂರಿನ ಹೆಸರನ್ನು ಅವರೇ ಓದಿರುತ್ತಾರೆ. ಅದರ ಬದಲು ಇದ್ದದ್ದನ್ನು ಇದ್ದಹಾಗೆ ಹೇಳಬಹುದು: ಆರ್‌ಟಿಪಿಎಸ್ ದೊಡ್ಡ ವಿದ್ಯುತ್ ಕೇಂದ್ರ, ಅಂಥ ಕಡೆ ತಾಲೀಮು ನಡೆಸುವುದು ಅಪಾಯ ಬಂದಿದೆ ಎಂದಲ್ಲ, ಬಂದರೆ ಯಾರು ಏನು ಮಾಡಬೇಕು ಎಂಬ ಅಭ್ಯಾಸಕ್ಕೆ, ನಿನಗೆ ಹಾಗೆ ಆಗುವ ಸಂಭವ ತೀರಾ ತೀರಾ ಕಡಿಮೆ, ಆದರೂ ಅಂಜಿಕೆ ಬರುವುದು ತಪ್ಪಲ್ಲ. ಮುಂದೆ ತಾಲೀಮು ನಡೆದರೆ ಹಿಂದಿನ ದಿನವೇ ಕಾಲೊನಿಯ ಮಕ್ಕಳಿಗೆ ಸೈರನ್ ಯಾವಾಗ, ಎಷ್ಟು ಹೊತ್ತು ಎಂದು ತಿಳಿಸಲಿ. ಎನ್‌ಸಿಸಿ, ಎನ್‌ಎಸ್‌ಎಸ್, ಸ್ಕೌಟ್ ಹುಡುಗ ಹುಡುಗಿಯರಿಗೆ ಅದರಲ್ಲೊಂದು ಕೆಲಸ ಕೊಡಲಿ. ಸ್ಟ್ರೆಚರ್ ಹಿಡಿದವನ ಅಂಜಿಕೆಗೂ ಕಿಟಕಿಯಿಂದ ನೋಡಿದವನ ಅಂಜಿಕೆಗೂ ಬಹಳ ವ್ಯತ್ಯಾಸ.

ಫೋನಿನ ವಿಷಯಕ್ಕೆ ಬರೋಣ. ಕಸಿದುಕೊಳ್ಳುವುದು ದಾರಿಯಲ್ಲ, ಕಸಿದರೆ ಗೆಳೆಯನ ಫೋನಿದೆ. ಸುದ್ದಿ ಓದಲಿ, ದೃಶ್ಯ ಬೇಡ. ದಿನಕ್ಕೆರಡು ಹೊತ್ತು ಸಾಕು, ಮಲಗುವ ಮುಂಚೆ ಬೇಡವೇ ಬೇಡ. ಈ ಕಟ್ಟಳೆ ಮನೆಯ ಹಿರಿಯರಿಗೂ ಅನ್ವಯಿಸಿದರಷ್ಟೇ ನಡೆಯುತ್ತದೆ. ಇದಕ್ಕಿಂತ ಪರಿಣಾಮಕಾರಿ ಎಂದರೆ ಎಳೆಯರನ್ನೇ ಪರೀಕ್ಷಕರನ್ನಾಗಿ ಮಾಡುವುದು. ಪಹಲ್ಗಾಮ್ ನಂತರ, ಹತ್ಯೆಯಾದ ನೌಕಾಪಡೆಯ ಅಧಿಕಾರಿ ಪತ್ನಿಯ ಜತೆಗಿದ್ದ ಕಡೆಯ ವಿಡಿಯೊ ಎಂದು ಜೋಡಿಯೊಂದು ಕುಣಿಯುವ ದೃಶ್ಯ ಹರಿದಾಡಿತು, ಎಷ್ಟೋ ಜನ ಕಣ್ಣೀರು ಹಾಕಿದರು. ‘ಅದು ನಾವು, ಬದುಕಿದ್ದೇವೆ’ ಎಂದು ಬೇರೆಯೇ ದಂಪತಿ ಮುಂದೆ ಬಂದು ಹೇಳಬೇಕಾಯಿತು. ಮೇ ತಿಂಗಳ ಯುದ್ಧದ ದೃಶ್ಯಗಳೆಂದು ಬಂದವುಗಳಲ್ಲಿ ಕೆಲವು ವಿಡಿಯೊ ಗೇಮಿನವು. ಗೇಮ್ ಆಡುವ ಹುಡುಗರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಟಿವಿಯ ದೊಡ್ಡವರಿಗೆ ಗೊತ್ತಾಗಲಿಲ್ಲ! ‘ಇದು ನಿಜಾನೋ ಸುಳ್ಳೋ ಸ್ವಲ್ಪ ನೋಡಿ ಹೇಳಪ್ಪ’ ಎಂದು ಅಪ್ಪ ಮಗನನ್ನು ಕೇಳಿದರೆ, ಹೆದರಿ ಕೂತಿದ್ದವನಿಗೆ ಮಾಡಲೊಂದು ಕೆಲಸ ಸಿಗುತ್ತದೆ.

ಈಗ ಯಾರೂ ಬಾಯಿ ತೆರೆದು ಮಾತಾಡದ ಭಾಗ. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ, ರಾಯಚೂರಿನ ಯಾವ ಶಾಲೆಯಲ್ಲೂ ಅವರು ಸಿಗುತ್ತಾರೆ. ಒಬ್ಬನಿಗೆ ಬೈಸರನ್‌ನಲ್ಲಿ ಧರ್ಮ ಕೇಳಿ ಗುಂಡು ಹಾರಿಸಿದ್ದು ತಲೆಯಲ್ಲಿ ಸುತ್ತುತ್ತಿದೆ. ಇನ್ನೊಬ್ಬನಿಗೆ ಅದೇ ದುಃಖ, ಅದರ ಮೇಲೆ ನಾಳೆ ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಕ್ರಿಕೆಟ್ ಮೈದಾನದಲ್ಲಿ ತನ್ನ ಹೆಸರು ಕೇಳಿ ಯಾರು ಏನಂದಾರೋ ಎಂಬ ಇನ್ನೊಂದು ಹೆದರಿಕೆ. ಮೊದಲನೆಯವನ ಭಯಕ್ಕೆ ಮನೆಯಲ್ಲಿ ಮಾತಾದರೂ ಇದೆ, ಸಿಟ್ಟಿನ ಮಾತೇ ಇರಲಿ. ಎರಡನೆಯವನ ಮನೆಯಲ್ಲಿ ಸಿಗುವ ಬುದ್ಧಿವಾದ ‘ಏನೂ ಮಾತಾಡಬ್ಯಾಡ, ಏನೂ ಹಾಕಬ್ಯಾಡ’ ಎಂಬುದೊಂದೇ. ಇಬ್ಬರನ್ನೂ ನೋಡಿಕೊಳ್ಳಬೇಕಾದ ಮಾಸ್ತರರು ಒಬ್ಬನ ದುಃಖವನ್ನು ಇನ್ನೊಬ್ಬನ ಲೆಕ್ಕಕ್ಕೆ ಹಚ್ಚಲು ಬಿಡಬಾರದು. ಹೇಳಲು ನಿಜವಾದ ಸಂಗತಿಗಳೇ ಇವೆ. ಆ 26 ಜನರಲ್ಲಿ ಒಬ್ಬ ಸ್ಥಳೀಯ ಮುಸ್ಲಿಂ ಯುವಕ, ಕುದುರೆಯ ಮೇಲೆ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದವನು. ಅವರನ್ನು ಕಾಪಾಡಲು ಹೋಗಿ ಸತ್ತ. ಮದುವೆಯಾದ ವಾರದಲ್ಲೇ ಗಂಡನನ್ನು ಕಳೆದುಕೊಂಡ ಆ ನೌಕಾಪಡೆಯ ಅಧಿಕಾರಿಯ ಪತ್ನಿ, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ದ್ವೇಷ ಬೇಡ, ನ್ಯಾಯ ಬೇಕು ಎಂದರು. ಅಷ್ಟಕ್ಕೇ ಜಾಲತಾಣಗಳಲ್ಲಿ ಅವರನ್ನು ಬೈದ ಬೈಗುಳವನ್ನು ರಾಷ್ಟ್ರೀಯ ಮಹಿಳಾ ಆಯೋಗ ಖಂಡಿಸಬೇಕಾಯಿತು. ಆಕೆಯ ಫೋಟೊವನ್ನು ಸ್ಟೇಟಸ್‌ಗೆ ಹಾಕಿದ್ದ ಹುಡುಗನಿಗೆ ಆಕೆಯ ಮಾತನ್ನೂ ಓದಿಸಬೇಕು.

ಇಂಥ ಮೌನ ನಮ್ಮ ಭಾಗಕ್ಕೆ ಹೊಸದಲ್ಲ. 1947-48ರ ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟು ಹೈದರಾಬಾದ್ ಸಂಸ್ಥಾನದ ಗಡಿಯಾಚೆಯ ಮುಂಡರಗಿ, ಗಜೇಂದ್ರಗಡದ ಕಡೆ ಹೋದವರ ಮೊಮ್ಮಕ್ಕಳು ಇಲ್ಲಿದ್ದಾರೆ. ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಸಂಸ್ಥಾನದ ಮುಸ್ಲಿಮರು ಅನುಭವಿಸಿದ್ದನ್ನು ಸುಂದರಲಾಲ್ ಸಮಿತಿ ದಾಖಲಿಸಿತು, ಅವರ ಮೊಮ್ಮಕ್ಕಳೂ ಇದ್ದಾರೆ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಓಡಿಬಂದವರ ಮನೆಗಳಿವೆ. ಬಹುತೇಕ ಮನೆಗಳಲ್ಲಿ ಅಜ್ಜ ಅಜ್ಜಿ ಆ ಕಥೆಯನ್ನು ಪೂರ್ತಿ ಹೇಳಲಿಲ್ಲ, ಅಥವಾ ಒಂದೇ ಪಕ್ಕದ್ದನ್ನು ಹೇಳಿದರು. ಆಮೇಲಿನದೂ ಇದೆ. 2000ದ ಜೂನ್ 8ರಂದು ಇಲ್ಲೇ ರೈಲುಮಾರ್ಗದ ವಾಡಿಯಲ್ಲಿ ಚರ್ಚಿನಲ್ಲಿ ಬಾಂಬು ಸಿಡಿಯಿತು, ಮರುತಿಂಗಳು ಹುಬ್ಬಳ್ಳಿ, ಬೆಂಗಳೂರಿನಲ್ಲಿ. 2007ರ ಆಗಸ್ಟ್ 25ರಂದು ಹೈದರಾಬಾದಿನ ಲುಂಬಿನಿ ಪಾರ್ಕು, ಗೋಕುಲ್ ಚಾಟ್‌ನಲ್ಲಿ 40ಕ್ಕೂ ಹೆಚ್ಚು ಸಾವು. 2013ರ ಫೆಬ್ರುವರಿ 21ರ ಸಂಜೆ ದಿಲ್‌ಸುಖ್‌ನಗರದಲ್ಲಿ 18. ರಾಯಚೂರು, ಮಾನ್ವಿಯ ಎಷ್ಟೋ ಮನೆಗಳಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಆಸ್ಪತ್ರೆಗೂ ಅಲ್ಲಿಗೆ, ಕೋಚಿಂಗಿಗೂ ಅಲ್ಲಿಗೆ. ದಿಲ್‌ಸುಖ್‌ನಗರ ಎಂದರೆ ಕೋಚಿಂಗ್ ಸೆಂಟರುಗಳ, ಹಾಸ್ಟೆಲುಗಳ ಬೀದಿ. ಆ ಸಂಜೆ ಮಗನ ಫೋನು ತಾಗದೆ ಚಡಪಡಿಸಿದ ತಾಯಂದಿರಿಗೆ ಈಗಿನ ಹದಿಹರೆಯದವರ ತಳಮಳ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ.

ಹಾಗೆಂದು ದುಃಖಕ್ಕೆ ಆಕಾರ ಕೊಡುವ ಜಾಣ್ಮೆ ನಮ್ಮಲ್ಲಿಲ್ಲ ಎನ್ನಲಾಗದು. ಪಹಲ್ಗಾಮ್ ಆಗಿ ಎರಡೂವರೆ ತಿಂಗಳಿಗೆ, ಜುಲೈ 6ಕ್ಕೆ, ಮೊಹರಂ ಬಂತು. ಮುದಗಲ್‌ನಲ್ಲಿ, ಜಿಲ್ಲೆಯ ಊರೂರಿನಲ್ಲಿ ಅಲಾಯಿ ಕುಣಿ ತೋಡಿ, ಪೀರಲ ದೇವರುಗಳನ್ನು ಕೂಡ್ರಿಸಿ, ಹಿಂದೂ ಮುಸ್ಲಿಂ ಎನ್ನದೆ ಹೆಜ್ಜೆ ಹಾಕುತ್ತಾರೆ. ಮುಸ್ಲಿಂ ಮನೆಯೊಂದೂ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಉಂಟು. ಕರ್ಬಲಾದಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಡೆದ ಕೊಲೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡಿ ಅಳುತ್ತಾರೆ. ಅನ್ಯಾಯದ ಸಾವನ್ನು ನೆನೆದು ಊರೇ ಕೂಡಿ ಅಳುವುದು, ಹಾಡುವುದು, ಕುಣಿಯುವುದು, ಕೊನೆಗೆ ದೇವರನ್ನು ಹೊಳೆಗೆ ಕಳಿಸಿ ಮನೆಗೆ ಬರುವುದು. ಆಘಾತದ ನಂತರ ಎಳೆಯರಿಗೆ ಬೇಕಾದದ್ದರ ಬಹುಪಾಲು ಅದರಲ್ಲಿದೆ: ಜನರ ನಡುವೆ ಇರುವುದು, ಮೈ ದಣಿಸುವುದು, ದುಃಖಕ್ಕೊಂದು ಮೊದಲು ಕೊನೆ ಇರುವುದು. ಶಾಲೆಯಲ್ಲಿ ಒಂದು ನಿಮಿಷದ ಮೌನಾಚರಣೆ ಮಾಡಿ ಗಂಟೆ ಹೊಡೆಯುವ ನಮ್ಮ ಪದ್ಧತಿ ಅದರ ಮುಂದೆ ತೀರಾ ಬಡವಾಗಿ ಕಾಣುತ್ತದೆ. ಒಂದು ನಿಮಿಷದ ಬದಲು ಒಂದು ಪಿರಿಯಡ್ ಕೊಟ್ಟು ಮಕ್ಕಳು ಬರೆಯಲಿ, ಬಿಡಿಸಲಿ, ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನಾಳೆ ತಿಳ್ಕೊಂಡು ಬರ್ತೀನಿ’ ಎಂದರಾಯಿತು.

ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮಕ್ಕಳ ಪರಿಸ್ಥಿತಿ ಬೇರೆಯೇ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಅದರಲ್ಲಿ ದೇವದುರ್ಗ ಇತ್ತು. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೂ ಗುಳೆ ನಿಂತಿಲ್ಲ. ಅಪ್ಪ ಅವ್ವ ಬೆಂಗಳೂರಿನ ಕಟ್ಟಡಗಳಲ್ಲಿ, ಮಕ್ಕಳು ಅಜ್ಜಿಯ ಬಳಿ ಇಲ್ಲವೇ ಹಾಸ್ಟೆಲಿನಲ್ಲಿ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದದ್ದು ವೈಟ್‌ಫೀಲ್ಡ್ ದಿಕ್ಕಿನ ಬ್ರೂಕ್‌ಫೀಲ್ಡ್‌ನಲ್ಲಿ, ಕಟ್ಟಡದ ಕೂಲಿಗೆಂದು ನಮ್ಮ ಕಡೆಯವರು ಹೋಗುವ ದಿಕ್ಕು ಅದೇ. ಇಂಥ ಮಗುವಿಗೆ ‘ನಿನಗೇನೂ ಆಗೂದಿಲ್ಲ’ ಎನ್ನುವುದು ವ್ಯರ್ಥ, ಅದರ ಚಿಂತೆ ತನ್ನ ಬಗ್ಗೆಯಲ್ಲ, ಅಪ್ಪ ಅವ್ವನ ಬಗ್ಗೆ. ಅದಕ್ಕೆ ಬೇಕಾದದ್ದು ಅವ್ವನ ದನಿ, ಅವತ್ತೇ. ವಾರ್ಡನ್ ಆದವರು ಇಂಥ ಸುದ್ದಿ ಬಂದ ಸಂಜೆ ನಿಯಮ ಬದಿಗಿಟ್ಟು ಒಂದು ಕರೆ ಮಾಡಿಸಿದರೆ ನೂರು ಸಾಂತ್ವನಕ್ಕೆ ಸಮ. ಗುಳೆ ಹೋದ ತಂದೆತಾಯಿಗಳೂ ಕಾಯದೆ ತಾವಾಗಿ ಕರೆ ಮಾಡಬೇಕು, ‘ನಾವಿರೂದು ಅಲ್ಲಿಂದ ದೂರದಾಗ, ಆರಾಮದೀವಿ’ ಎಂದು.

ಇಲ್ಲಿ ನಾರ್ವೆಯಿಂದ ಕಲಿಯುವುದಿದೆ. 2011ರ ಜುಲೈ 22ರಂದು ಉಟೊಯಾ ದ್ವೀಪದ ಯುವ ಶಿಬಿರದಲ್ಲಿ ಒಬ್ಬನೇ ಬಂದೂಕುಧಾರಿ 69 ಜನರನ್ನು ಕೊಂದ, ಹೆಚ್ಚಿನವರು ಹದಿಹರೆಯದವರು. ಬದುಕುಳಿದವರು ದೇಶದ ಮೂಲೆಮೂಲೆಯ ಸಣ್ಣಸಣ್ಣ ಊರುಗಳಿಗೆ ಮರಳಿದರು. ಸರ್ಕಾರ ಅವರನ್ನು ರಾಜಧಾನಿಯ ಆಸ್ಪತ್ರೆಗೆ ಕರೆಯಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಊರಿನಲ್ಲೇ ಒಬ್ಬ ಸಂಪರ್ಕ ವ್ಯಕ್ತಿಯನ್ನು ಗೊತ್ತುಮಾಡಿ, ಕನಿಷ್ಠ ಒಂದು ವರ್ಷ ತಾವಾಗಿಯೇ ಹೋಗಿ ವಿಚಾರಿಸಿಕೊಳ್ಳಲು ಹೇಳಿತು. ನೊಂದವರು ಸಹಾಯ ಕೇಳಿಕೊಂಡು ಬರುತ್ತಾರೆಂದು ಕಾಯಬಾರದು ಎಂಬುದು ಅದರ ತಿರುಳು. ಹಣವಂತ ದೇಶದ ಮಾತು ಎಂದು ತಳ್ಳಿಹಾಕಬೇಡಿ. ಇದೇ ಬಗೆಯ ಆಲೋಚನೆ ಪಕ್ಕದ ಬಳ್ಳಾರಿಯಲ್ಲಿ ಅದಕ್ಕೂ ಮೊದಲೇ ಹುಟ್ಟಿತ್ತು. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಗೆ ತಂದರು. ಅದರ ಬುನಾದಿಯ ಮೇಲೆಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎದ್ದದ್ದು.

ಅದರಿಂದಾಗಿ ಈಗ ಹೋಗಲು ಜಾಗಗಳಿವೆ. ಒಂದು ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಅದೇ ದೃಶ್ಯ ಬಿಡದೆ ಕಾಡಿದರೆ, ಮಗು ಶಾಲೆಗೆ ಹೋಗಲು ಒಲ್ಲೆನೆಂದರೆ, ಕುಡಿತ ಶುರುವಾಗಿದ್ದರೆ ಕಾಯಬಾರದು. ಸಾಯುವ ಮಾತು ಬಾಯಲ್ಲಿ ಬಂದರಂತೂ ತಿಂಗಳ ಲೆಕ್ಕವೇ ಇಲ್ಲ, ಅವತ್ತೇ ಹೊರಡಬೇಕು. ರಾಯಚೂರಿನಲ್ಲಿ ರಿಮ್ಸ್‌ನ ಮನೋವೈದ್ಯ ವಿಭಾಗವಿದೆ. ದೇವದುರ್ಗ, ಮಾನ್ವಿಯವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಮತ್ತು ಹದಿಹರೆಯದವರ ‘ಸ್ನೇಹಾ ಕ್ಲಿನಿಕ್’ ಯಾವ ದಿನ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಮನೆಯಿಂದಲೇ ಮಾತಾಡುವುದಾದರೆ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಹಗಲು ರಾತ್ರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಉಂಟು. ‘ಹುಚ್ಚರ ಡಾಕ್ಟರ್’ ಎಂಬ ಮಾತಿಗೆ ಹೆದರಿ ಎಷ್ಟೋ ಜನ ಮೆಡಿಕಲ್ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಮಗನಿಗೆ ನುಂಗಿಸುತ್ತಾರೆ. ಅದೊಂದನ್ನು ದಯವಿಟ್ಟು ಮಾಡಬೇಡಿ. ಅದರ ಬದಲು ನಾಲ್ಕೆಣಿಸುತ್ತ ಉಸಿರು ಒಳಗೆ, ಆರೆಣಿಸುತ್ತ ಹೊರಗೆ ಬಿಡುವುದನ್ನು ಮಲಗುವ ಮುಂಚೆ ಐದು ನಿಮಿಷ ಜತೆಯಲ್ಲೇ ಕೂತು ಮಾಡಿಸಿ. ಸಂಜೆ ಮೈದಾನಕ್ಕೆ ಕಳಿಸಿ.

ಇನ್ನೊಂದು ಸಂಗತಿ ಮನೆಯವರಿಗೆ ಗೊತ್ತಿರಬೇಕು. ಆರಿತೆಂದುಕೊಂಡ ಕಳವಳ ಹೊಸ ದಾಳಿಯ ಸುದ್ದಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಕಾರು ಸ್ಫೋಟಿಸಿದ ದಿನ ಪಹಲ್ಗಾಮಿನ ವಿಡಿಯೊಗಳನ್ನೂ ಮತ್ತೆ ಹರಿಬಿಟ್ಟವರಿದ್ದರು. ವರ್ಷ ತುಂಬಿದ ದಿನವೂ ಹಾಗೆಯೇ ಆಗುವುದುಂಟು. ಏಪ್ರಿಲ್ 22 ಪ್ರತಿವರ್ಷ ಬೀಳುವುದು ಬೇಸಿಗೆ ರಜೆಯಲ್ಲಿ. ಅಂದು ಮಕ್ಕಳು ಮನೆಯಲ್ಲಿ, ಫೋನಿನ ಜತೆ ಇರುತ್ತಾರೆ, ಮಾಸ್ತರರು ಊರಿನಲ್ಲಿರುವುದಿಲ್ಲ. ಹಿಂದಿನ ಸಂಜೆಯೇ ‘ನಾಳೆ ಆ ವಿಡಿಯೊ ಮತ್ತ ಬರ್ತಾವ, ನೋಡಬ್ಯಾಡ, ನೋಡಿದ್ರ ನನಗ ಹೇಳು’ ಎನ್ನುವವರು ಮನೆಯಲ್ಲಿ ಯಾರೆಂದು ಈಗಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅಪ್ಪ ಅವ್ವ ಗುಳೆಯಲ್ಲಿದ್ದರೆ ಆ ಕೆಲಸ ಅಜ್ಜಿಗೋ ಅಕ್ಕನಿಗೋ ಬರುತ್ತದೆ.